ಆಂಜನಮ್ಮನ ಹೆಸರಿನ ಮನೆ

ಪಾಲಿನ ಮಾತು ಮೊದಲು ಎದ್ದಿದ್ದು ಒಂದು ಊಟದ ಕ್ಯಾರಿಯರ್ ದೆಸೆಯಿಂದ. ಯುದ್ಧ ಶುರುವಾಗಿ ನಾಲ್ಕನೇ ವರ್ಷ. ದೊಮ್ಮಲೂರಿನ ಮುನಿಶಾಮಪ್ಪ ಎಂದೋ ತೀರಿಕೊಂಡಿದ್ದ. ಅವನ ಕಿರಿಯ ಮಗ ಮುನಿಕೃಷ್ಣಪ್ಪ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ಬೆಳಿಗ್ಗೆ ಆರಕ್ಕೆಲ್ಲ ಸೈಕಲ್ ಹತ್ತಬೇಕು. ಅಷ್ಟು ಹೊತ್ತಿಗೆ ಎದ್ದು, ಒಲೆ ಹೊತ್ತಿಸಿ, ಕ್ಯಾರಿಯರ್ ತುಂಬಿಡುವವರು ಯಾರೆಂಬುದು ಹಿರಿಸೊಸೆ ಗೋವಿಂದಮ್ಮನಿಗೂ ಕಿರಿಸೊಸೆ ಶಾಂತಕುಮಾರಿಗೂ ನಡುವೆ ದಿನದ ತಕರಾರಾಗಿತ್ತು. ಒಂದು ದಿನ ಹಿಂದಿನ ರಾತ್ರಿಯ ಸಾರನ್ನೇ ತುಂಬಿ ಕಳಿಸಿದ್ದಾಯಿತು. ಕಾರ್ಖಾನೆಯಲ್ಲಿ ಮುಚ್ಚಳ ತೆಗೆದರೆ ಹಳಸಿದ ವಾಸನೆ. ಅವತ್ತು ಸಂಜೆ ಮುನಿಕೃಷ್ಣಪ್ಪ ಸೈಕಲ್ಲನ್ನು ಜಗಲಿಗೆ ಒರಗಿಸಿದವನೇ, ತನಗೆ ಬೇರೆ ಒಲೆ ಬೇಕು, ಬೇರೆ ಬಾಗಿಲು ಬೇಕು, ಮನೆ ಎರಡಾಗಲಿ ಎಂದ.

ಅಣ್ಣ ಶ್ರೀರಾಮಪ್ಪ ತಮ್ಮನ ಮೇಲೆ ರೇಗುತ್ತಾನೆಂದು ಗೋವಿಂದಮ್ಮ ಕಾದಳು. ಅವನು ರೇಗಲಿಲ್ಲ. ಎಲೆಗೆ ಸುಣ್ಣ ಸವರುತ್ತಾ, ಆಗಲಿ, ಯಾವತ್ತಾದರೂ ಆಗಬೇಕಾದ್ದೇ ತಾನೆ ಎಂದ. ಆ ಸುಲಭದ ಒಪ್ಪಿಗೆಯೇ ಅವಳಿಗೆ ಅನುಮಾನ ತಂದಿತು. ಇಪ್ಪತ್ತು ವರ್ಷ ಸಂಸಾರ ಮಾಡಿದವಳಿಗೆ ಗಂಡ ಯಾವುದಕ್ಕೆ ಸುಲಭವಾಗಿ ಒಪ್ಪುತ್ತಾನೆ, ಯಾವುದಕ್ಕೆ ಒಪ್ಪುವುದಿಲ್ಲ ಎಂಬುದು ಗೊತ್ತಿತ್ತು.

ಅವಳಿಗೆ ಮಕ್ಕಳಾಗಿರಲಿಲ್ಲ. ಅದರ ಮಾತು ಮನೆಯಲ್ಲಿ ಯಾರೂ ಎತ್ತದೆ ಎಷ್ಟೋ ವರ್ಷವಾಗಿತ್ತು. ಆದರೆ ಸಂಕ್ರಾಂತಿಯಿಂದ ಈಚೆಗೆ ಶ್ರೀರಾಮಪ್ಪ ಪ್ರತಿ ಮಂಗಳವಾರ ಕೃಷ್ಣರಾಜಪುರದ ಸಂತೆಗೆ ಹೋಗುವುದನ್ನು ಹಿಡಿದಿದ್ದ. ಅವನು ಬೆಳೆಯುವ ಸೊಪ್ಪು, ಬದನೆ, ಮೂಲಂಗಿಯೆಲ್ಲ ದಂಡಿನ ಮಾರ್ಕೆಟ್ಟಿನಲ್ಲೇ ಹೊತ್ತು ಮೂಡುವುದರೊಳಗೆ ಖರ್ಚಾಗುತ್ತಿತ್ತು. ಪಟಾಲಮ್ಮಿನ ಸಿಪಾಯಿಗಳಿಗೆ ಎಷ್ಟು ತಂದರೂ ಸಾಲದು. ಮತ್ತೆ ಸಂತೆಗೇಕೆ? ಹೋಗುವಾಗ ಒಗೆದ ಅಂಗಿ ಬೇರೆ. ಅವಳ ತವರಿನ ಕಡೆಯ ಹೆಂಗಸೊಬ್ಬಳು ಹೇಳಿ ಹೋಗಿದ್ದಳು, ಅಲ್ಲಿ ಕೆರೆ ಹತ್ತಿರದ ಒಂದು ಮನೆಯ ಜಗಲಿಯಲ್ಲಿ ನಿನ್ನ ಗಂಡ ಕೂತಿದ್ದ, ಆ ಮನೆಯಲ್ಲಿ ಮದುವೆಗೆ ಬಂದ ಹುಡುಗಿ ಇದ್ದಾಳೆ, ಹುಡುಗಿಯ ಅಣ್ಣ ಮನೆ ಯಾರ ಹೆಸರಲ್ಲಿದೆ ಎಂದು ಕೇಳುತ್ತಿದ್ದ ಎಂದು. ಗೋವಿಂದಮ್ಮ ಅದನ್ನು ಯಾರಿಗೂ ಹೇಳಲಿಲ್ಲ. ಅಂಗಿ ಒಗೆಯುವಾಗ ಮಾತ್ರ ಕಲ್ಲಿಗೆ ಎರಡೇಟು ಜಾಸ್ತಿ ಹಾಕುತ್ತಿದ್ದಳು.

ಪಾಲು ಮಾಡಬೇಕಾದರೆ ಮೂಲಪತ್ರ ಬೇಕು. ಗಂಡುಮಕ್ಕಳಿಬ್ಬರೂ ತಾಯಿ ಬೈರಮ್ಮನನ್ನು ಕೇಳಿದರು. ಗೆದ್ದಲು ತಿಂದುಹೋಯಿತು ಎಂದಳು ಮುದುಕಿ. ಯಾವ ಪೆಟ್ಟಿಗೆಯಲ್ಲಿತ್ತು ಎಂದರೆ ಪೆಟ್ಟಿಗೆಯನ್ನೂ ತಿಂದುಹೋಯಿತು ಎಂದಳು. ಮುನಿಕೃಷ್ಣಪ್ಪ ಕಾರ್ಖಾನೆಯ ಸ್ನೇಹಿತನ ಕೈಲಿ ಅರ್ಜಿ ಬರೆಸಿ ರಿಜಿಸ್ಟ್ರಿ ಆಫೀಸಿಗೆ ಹಾಕಿದ. ಮೂರು ವಾರಕ್ಕೆ ನಕಲು ಕೈಗೆ ಬಂತು. ಮನೆಯಲ್ಲಿ ಚೆನ್ನಾಗಿ ಓದಲು ಬರುತ್ತಿದ್ದವಳು ಶಾಂತಕುಮಾರಿ. ಅವಳು ಪಡಸಾಲೆಯ ಕಂಬಕ್ಕೆ ಒರಗಿ ನಿಂತು ಚೆಕ್ಕುಬಂದಿಯನ್ನೆಲ್ಲ ಓದಿ, ಹಕ್ಕುದಾರರ ಹೆಸರು ಬಂದಾಗ ನಿಲ್ಲಿಸಿದಳು. ಅಲ್ಲಿ ಮುನಿಶಾಮಪ್ಪನ ಹೆಸರಿರಲಿಲ್ಲ. ಆಂಜನಮ್ಮ, ವಿಧವೆ, ಕಸುಬು ಆಯಾ ಕೆಲಸ ಎಂದಿತ್ತು.

ಎಲ್ಲರೂ ಬೈರಮ್ಮನ ಕಡೆ ನೋಡಿದರು. ಅವಳು ರಾಗಿ ಬೀಸುತ್ತಿದ್ದಳು. ಕಲ್ಲು ನಿಲ್ಲಿಸದೆಯೇ, "ನಿಮ್ಮಪ್ಪನ ಅಕ್ಕ," ಎಂದಳು.

ಊಟಿಗೆ ದೊರೆಗಳ ಜೊತೆ ಹೋಗಿ ಅಲ್ಲೇ ಸತ್ತುಹೋದಳು ಎಂದು ತಮಗೆ ಹೇಳಿದ್ದ ಸೋದರತ್ತೆ ಇವಳೇ ಏನು ಎಂದು ಶ್ರೀರಾಮಪ್ಪ ಕೇಳಿದ. ಬೈರಮ್ಮ ಇನ್ನೊಂದು ಹಿಡಿ ರಾಗಿ ಹಾಕಿದಳು. "ಸತ್ತಿಲ್ಲ. ಜೋಗುಪಾಳ್ಯದಲ್ಲವಳೆ."

ಜೋಗುಪಾಳ್ಯ ಒಂದೂವರೆ ಮೈಲಿ ದೂರ. ಶಾಂತಕುಮಾರಿಯ ತವರುಮನೆಯೂ ಅಲ್ಲೇ. ಗೋವಿಂದಮ್ಮ ಓರಗಿತ್ತಿಯ ಮುಖ ನೋಡಿದಳು. ಆ ಮುಖದಲ್ಲಿ ಆಶ್ಚರ್ಯ ಇತ್ತು, ಆದರೆ ಇರಬೇಕಾದಷ್ಟು ಇರಲಿಲ್ಲ ಎಂದು ಅವಳಿಗೆ ಅನ್ನಿಸಿತು. ಆಮೇಲೆ ಕೇಳಿದ್ದಕ್ಕೆ ಶಾಂತಕುಮಾರಿ, ದರ್ಜಿ ಅಂಗಡಿಗೆ ಗುಂಡಿ ಹೊಲಿದುಕೊಡುವ ಒಬ್ಬ ಅಜ್ಜಿ ನಮ್ಮ ಬೀದಿಯಲ್ಲಿದ್ದಳು, ಗುಂಡಿ ಅಜ್ಜಿ ಅಂತಿದ್ದೆವು, ಹೆಸರು ಯಾರಿಗೆ ಗೊತ್ತು ಎಂದಳು. ಗೋವಿಂದಮ್ಮ ಅದನ್ನು ನಂಬಲೂ ಇಲ್ಲ, ಬಿಡಲೂ ಇಲ್ಲ.

ಆವತ್ತು ಮಧ್ಯಾಹ್ನ ಅವಳು ಮನೆಯನ್ನು ಹೊಸದಾಗಿ ನೋಡಿದಳು. ಈ ಮನೆ ಊರಿನ ಬೇರೆ ಮನೆಗಳ ಹಾಗಿರಲಿಲ್ಲ, ಅದು ಅವಳಿಗೆ ಮದುವೆಯಾಗಿ ಬಂದ ದಿನವೇ ಕಂಡಿತ್ತು. ಹಿಂದಿನ ಭಾಗವೇನೋ ಎಲ್ಲರ ಮನೆಯಂತೆಯೇ: ಮಣ್ಣಿನ ದಪ್ಪ ಗೋಡೆ, ನಾಡಹೆಂಚು, ಬಗ್ಗಿ ಒಳಗೆ ಹೋಗಬೇಕಾದ ಅಡುಗೆಮನೆ, ಅದರಾಚೆ ದನದ ಕೊಟ್ಟಿಗೆ. ಮುಂದಿನ ಕೋಣೆಯದೇ ಬೇರೆ ಮಾತು. ಅದಕ್ಕೆ ಮಂಗಳೂರು ಹೆಂಚು, ಎತ್ತರದ ಮಾಡು, ನೆಲಕ್ಕೆ ಕಡಪ ಕಲ್ಲು. ಬಾಗಿಲು ಯಾವುದೋ ಬಂಗಲೆಯಿಂದ ಕಿತ್ತು ತಂದದ್ದು, ಹಿತ್ತಾಳೆಯ ಹಿಡಿ ಇನ್ನೂ ಇತ್ತು. ಪೂರ್ವದ ಗೋಡೆಯೊಳಗೆ ಬೆಂಕಿ ಹಾಕಲು ಒಂದು ಗೂಡು, ಹೊಗೆ ಹೋಗಲು ಮೇಲೆ ಕೊಳವೆ. ಯಾವ ಚಳಿಗೆ ಅದು ಬೇಕಿತ್ತೋ ಯಾರಿಗೂ ತಿಳಿಯದು. ಮನೆಯವರು ಅದರಲ್ಲಿ ಈರುಳ್ಳಿ ಹಾಕುತ್ತಿದ್ದರು. ಬೀದಿ ಕಡೆಯ ಗೋಡೆಯಲ್ಲಿ ಆಳೆತ್ತರದ ಕಿಟಕಿಯ ಚೌಕಟ್ಟು, ಒಳಗೆಲ್ಲ ಇಟ್ಟಿಗೆ ಜೋಡಿಸಿ ಮಣ್ಣು ಮೆತ್ತಿದ್ದರು. ಇದನ್ನೆಲ್ಲ ಮಾವ ಕಟ್ಟಿಸಿದ್ದು ಎಂದೇ ಅವಳು ನಂಬಿದ್ದಳು. ಜೀವಮಾನವೆಲ್ಲ ಎತ್ತಿನ ಹಿಂದೆ ನಡೆದ ಮುನಿಶಾಮಪ್ಪನಿಗೆ ಇಂಥ ಕಿಟಕಿ ಏಕೆ ಬೇಕಾಯಿತು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಮುಂದಿನ ಭಾನುವಾರ ಅಣ್ಣತಮ್ಮಂದಿರು ಜಟಕಾ ಮಾಡಿಕೊಂಡು ಹೋಗಿ ಆಂಜನಮ್ಮನನ್ನು ಕರೆತಂದರು. ಎಪ್ಪತ್ತೈದು ದಾಟಿದ ಮುದುಕಿ. ಬಿಳಿ ಸೀರೆ, ತೋಳು ಮುಚ್ಚಿದ ರವಿಕೆ, ಕಾಲಿಗೆ ಹಳೆಯ ಕ್ಯಾನ್ವಾಸ್ ಬೂಟು. ಒಂದು ತಗಡಿನ ಟ್ರಂಕು. ಇಳಿದವಳು ಜಗಲಿಯ ಮುಂದೆ ನಿಂತು ಮಾಡಿನಿಂದ ಬುನಾದಿಯವರೆಗೆ ಕಣ್ಣಾಡಿಸಿದಳು. ಅವಳು ಮೊದಲು ಆಡಿದ ಮಾತು, "ಕಿಟಕಿ ಯಾರು ಮುಚ್ಚಿದ್ದು?"

ಬೈರಮ್ಮ ಸೆರಗು ಎಳೆದುಕೊಂಡು ಹಿತ್ತಿಲಿಗೆ ಹೋದಳು.

ಮುನಿಕೃಷ್ಣಪ್ಪ ಅವತ್ತೇ ಸುತ್ತಿಗೆ ಹಿಡಿದು ಇಟ್ಟಿಗೆ ಒಡೆದ. ಶ್ರೀರಾಮಪ್ಪ ತಾನೇನು ಕಡಿಮೆ ಎಂದು ಗೂಡಿನಿಂದ ಈರುಳ್ಳಿ ಎತ್ತಿಸಿ, ಒಳಗಿನ ಮಸಿ ಗುಡಿಸಿದ. ಸಂಜೆಗೆ ಮುಂದಿನ ಕೋಣೆಯಲ್ಲಿ ಎಂದೂ ಕಾಣದ ಬೆಳಕು ತುಂಬಿತ್ತು, ಗೋಡೆಯ ಮೇಲಿನ ಒಂದೊಂದು ಕಲೆಯೂ ಕಾಣುತ್ತಿತ್ತು. ಆಂಜನಮ್ಮ ಮಂಚದ ಮೇಲೆ ಕಾಲು ಚಾಚಿ ಕೂತು ಬೀದಿ ನೋಡುತ್ತಿದ್ದಳು. ತಮ್ಮನ ಮಕ್ಕಳಿಬ್ಬರಿಗೂ ಒಂದು ಒಳ್ಳೆ ಮಾತು ಆಡಲಿಲ್ಲ.

ರಾತ್ರಿ ಗೋವಿಂದಮ್ಮ ತಟ್ಟೆಯಲ್ಲಿ ಮುದ್ದೆ, ಬಸ್ಸಾರು ಇಟ್ಟುಕೊಂಡು ಹೋದಳು. ಮುದುಕಿ ತಟ್ಟೆ ನೋಡಿದಳು, ಗೋವಿಂದಮ್ಮನನ್ನು ನೋಡಿದಳು. "ಮೊದಲು ನೀನೊಂದು ತುತ್ತು ತಿನ್ನು," ಎಂದಳು.

ಗೋವಿಂದಮ್ಮನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಊಟದಲ್ಲಿ ವಿಷ ಹಾಕಿರಬಹುದೆಂಬ ಅನುಮಾನ ಅದು. ಕೂತು, ಒಂದು ತುತ್ತು ಮುರಿದು, ಸಾರಿಗೆ ಅದ್ದಿ ನುಂಗಿದಳು. ಮುದುಕಿ ಅವಳ ಗಂಟಲು ಅಲುಗುವವರೆಗೂ ನೋಡಿ, ಆಮೇಲೆ ತಟ್ಟೆ ಎಳೆದುಕೊಂಡಳು. ಮರುದಿನವೂ ಹಾಗೇ ಆಯಿತು, ಅದರ ಮರುದಿನವೂ. ವಾರದೊಳಗೆ ಅದು ಮನೆಯ ಪದ್ಧತಿಯಾಯಿತು. ಶಾಂತಕುಮಾರಿ ದಂಡಿನಿಂದ ಬ್ರೆಡ್ಡು ತರಿಸಿ, ಬೆಣ್ಣೆ ಸವರಿ, ಟೀ ಜೊತೆ ಕೊಟ್ಟು ತಮಿಳಿನಲ್ಲಿ ಮಾತಾಡಿಸಿದಳು. ಮುದುಕಿ ಅವಳಿಗೂ ಒಂದು ಚೂರು ತಿನ್ನಿಸಿಯೇ ತಿಂದಳು.

ಅಣ್ಣತಮ್ಮಂದಿರು ಈಗ ಒಬ್ಬರ ಮೇಲೊಬ್ಬರು ಕಣ್ಣಿಟ್ಟಿದ್ದರು. ಮುನಿಕೃಷ್ಣಪ್ಪ ಸೋದರತ್ತೆಯ ಕೋಣೆಗೆ ಹೋದರೆ ಶ್ರೀರಾಮಪ್ಪನಿಗೆ ಅಲ್ಲೇ ಪಡಸಾಲೆಯಲ್ಲಿ ಹಗ್ಗ ಹೊಸೆಯುವ ಕೆಲಸ ನೆನಪಾಗುತ್ತಿತ್ತು. ಶ್ರೀರಾಮಪ್ಪ ಅವಳಿಗೆ ಎಲೆಯಡಿಕೆ ಕುಟ್ಟಿಕೊಡುತ್ತಾ ಕೂತರೆ ಶಾಂತಕುಮಾರಿ ಕಸಪೊರಕೆ ಹಿಡಿದು ಬರುತ್ತಿದ್ದಳು, ಗುಡಿಸಿದ ನೆಲವನ್ನೇ ಗುಡಿಸುತ್ತಿದ್ದಳು. ಒಂದು ದಿನ ಶ್ರೀರಾಮಪ್ಪ ಹೆಂಡತಿಯನ್ನು ಬಾವಿಯ ಹತ್ತಿರ ನಿಲ್ಲಿಸಿ, ಮುದುಕಿ ನಿನ್ನ ಕೈಲೇ ಊಟ ಮಾಡುತ್ತಾಳೆ, ಪತ್ರ ಎಲ್ಲಿಟ್ಟಿದ್ದಾಳೆಂದು ನೀನೇ ತಿಳಿದುಕೊಳ್ಳಬೇಕು, ಹೆಬ್ಬೆಟ್ಟು ಒತ್ತಿಸುವುದು ನನಗೆ ಬಿಡು ಎಂದ. ಒತ್ತಿದ ಮೇಲೆ ನಮ್ಮ ಕಷ್ಟವೆಲ್ಲ ತೀರಿತು ಎಂದೂ ಸೇರಿಸಿದ. ಗೋವಿಂದಮ್ಮ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು ಹೊರಟಳು.

ಹುಡುಕಬೇಕು ಎಂದು ಅವಳೂ ನಿರ್ಧರಿಸಿದ್ದಳು, ಅವನಿಗಾಗಿ ಅಲ್ಲ. ಶುಕ್ರವಾರ ಬೆಳಿಗ್ಗೆ ಆಂಜನಮ್ಮ ಬಚ್ಚಲಿಗೆ ಹೋದದ್ದನ್ನು ನೋಡಿ, ಮುಂದಿನ ಕೋಣೆಗೆ ಬಂದು ಟ್ರಂಕಿನ ಮುಚ್ಚಳ ಎತ್ತಿದಳು. ನಾಲ್ಕು ಬಿಳಿ ಸೀರೆ. ಒಂದು ಪಟಾಲಮ್ಮಿನ ಕಂಬಳಿ. ದಾರದ ಉಂಡೆಗಳು, ಖಾಕಿ ಗುಂಡಿಗಳಿದ್ದ ಡಬ್ಬಿ. ಇಂಗ್ಲಿಷಿನಲ್ಲಿ ಬರೆದ ಐದಾರು ಹಳೆಯ ಚೀಟಿಗಳು, ಯಾವ ದೊರೆಸಾನಿಯರು ಕೊಟ್ಟದ್ದೋ. ಮುದ್ರೆ ಇದ್ದ ಕಾಗದ ಯಾವುದೂ ಕಾಣಲಿಲ್ಲ.

"ಸರಿಯಾಗಿ ನೋಡು. ಅಡಿಯಲ್ಲಿ ಇನ್ನೊಂದು ಸೀರೆ ಇದೆ."

ಬಾಗಿಲಲ್ಲಿ ಆಂಜನಮ್ಮ ನಿಂತಿದ್ದಳು. ಮೈ ಒದ್ದೆಯಾಗಿರಲಿಲ್ಲ, ಬಚ್ಚಲಿಗೆ ಹೋದವಳು ನೀರೇ ಮುಟ್ಟಿರಲಿಲ್ಲ.

"ಮೊನ್ನೆ ನಿನ್ನ ಗಂಡ ಹುಡುಕ್ದ. ನೆನ್ನೆ ಆ ಚಿಕ್ಕೋಳು. ನೀನು ಮೂರನೇವಳು," ಎಂದು ಮುದುಕಿ ಬಂದು ಮಂಚದ ಮೇಲೆ ಕೂತಳು. "ಅವರಿಬ್ರೂ ಮಡಿಸಿದ್ದನ್ನ ಮಡಿಸಿದ ಹಾಗೆ ಇಡಲಿಲ್ಲ. ನೀನಾದ್ರೂ ಇಡು. ಪತ್ರ ಸಿಕ್ಕಿದ್ರೆ ಏನ್ ಮಾಡ್ತಿದ್ದೆ?"

ಸುಳ್ಳು ಹೇಳಲು ಗೋವಿಂದಮ್ಮನಿಗೆ ಪುರುಸೊತ್ತಾಗಲಿಲ್ಲ. "ಒಲೆಗೆ ಹಾಕ್ತಿದ್ದೆ, ದೊಡ್ಡತ್ತೆ. ಯಾರಿಗೂ ಸಿಗದೇ ಇರ್ಲಿ ಅಂತ."

ಆಮೇಲೆ ಅವಳು ಸೀರೆ ಮಡಿಸುತ್ತಲೇ ಎಲ್ಲವನ್ನೂ ಹೇಳಿದಳು. ಮಂಗಳವಾರದ ಸಂತೆ, ಒಗೆದ ಅಂಗಿ, ಕೆರೆ ಹತ್ತಿರದ ಮನೆ. ಅರ್ಧ ಮನೆ ಶ್ರೀರಾಮಪ್ಪನ ಹೆಸರಿಗೆ ಬಂದ ದಿನವೇ ಆ ಹುಡುಗಿ ಈ ಹೊಸಿಲು ದಾಟುತ್ತಾಳೆ ಎಂಬುದು. ತನ್ನ ತವರಲ್ಲಿ ಈಗ ಅಣ್ಣನೂ ಇಲ್ಲ, ಅತ್ತಿಗೆ ಒಂದು ದಿನಕ್ಕಿಂತ ಹೆಚ್ಚು ಇರಗೊಡುವವಳಲ್ಲ ಎಂಬುದು. ಎಲ್ಲ ಕೇಳಿ ಆಂಜನಮ್ಮ ಒಂದೇ ಪ್ರಶ್ನೆ ಹಾಕಿದಳು.

"ಹೋಗು ಅಂದನಾ ನಿನ್ನ?"

"ಇಲ್ಲ. ಹಾಗೇನೂ ಅಂದಿಲ್ಲ."

"ನನಗೂ ಯಾರೂ ಅನ್ನಲಿಲ್ಲ. ದೊರೆಸಾನಿ ಜೊತೆ ಬೇಸಿಗೆಗೆ ಊಟಿಗೆ ಹೋಗಿದ್ದೆ. ವಾಪಸ್ ಬಂದಾಗ ನನ್ನ ಟ್ರಂಕು ದನದ ಕೊಟ್ಟಿಗೇಲಿತ್ತು. ನನ್ನ ತಮ್ಮ ತಲೆ ಎತ್ತಿ ನೋಡ್ಲಿಲ್ಲ. ಅಷ್ಟೆ. ಎತ್ಕೊಂಡು ಹೊರಟೆ."

ಮಾತು ಮುಗಿದ ಮೇಲೆ ಗೋವಿಂದಮ್ಮನಿಗೆ ಹೆದರಿಕೆ ಹತ್ತಿತು. ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದವಳು ನಿನ್ನೆ ಮೊನ್ನೆ ಬಂದ ಮುದುಕಿಯ ಮುಂದೆ ಏಕೆ ಬಾಯಿಬಿಟ್ಟೆ ಎಂದು ಅವಳು ಇಡೀ ದಿನ ತನ್ನನ್ನೇ ಬೈದುಕೊಂಡಳು. ಸಂಜೆ ಶ್ರೀರಾಮಪ್ಪ ಸಾರಿಗೆ ಉಪ್ಪು ಜಾಸ್ತಿ ಎಂದು ತಟ್ಟೆ ತಳ್ಳಿದಾಗ, ಮುದುಕಿ ಹೇಳಿಬಿಟ್ಟಳು ಎಂದೇ ಅಂದುಕೊಂಡಳು. ನಾಲಗೆಗೆ ಹಾಕಿ ನೋಡಿದರೆ ಸಾರಿಗೆ ಉಪ್ಪು ನಿಜವಾಗಿಯೂ ಜಾಸ್ತಿಯಾಗಿತ್ತು.

ಇಷ್ಟರಲ್ಲಿ ಬೈರಮ್ಮನೂ ಆಂಜನಮ್ಮನೂ ಒಂದೇ ಸೂರಿನಡಿ ಎರಡು ವಾರ ಕಳೆದಿದ್ದರು, ಒಂದು ಮಾತಿಲ್ಲ. ಒಬ್ಬಳು ಪಡಸಾಲೆಗೆ ಬಂದರೆ ಇನ್ನೊಬ್ಬಳು ಎದ್ದು ಹೋಗುತ್ತಿದ್ದಳು. ಮೂರನೇ ವಾರ ಗೋವಿಂದಮ್ಮ ತೋಟದಿಂದ ಸೊಪ್ಪಿನ ಹೊರೆ ಹೊತ್ತು ಬಂದಾಗ ಮುಂದಿನ ಕೋಣೆಯಲ್ಲಿ ಜಗಳ ಕೇಳಿಸಿತು. ಹೊರೆ ಇಳಿಸದೆ ಬಾಗಿಲ ಹಿಂದೆ ನಿಂತಳು.

ಬೈರಮ್ಮ ಹೇಳುತ್ತಿದ್ದಳು: "ಹದಿನೈದು ವರ್ಷದೋಳು ಬಂದೆ ನಾನು. ಸೋಪಲ್ಲಿ ಕೈ ತೊಳೀದೆ ಒಲೆ ಮುಟ್ಟಬೇಡ ಅಂದೆ. ನನ್ನ ಗಂಡನ ಮುಂದೆ ನನ್ನ ತಲೆ ಬಿಚ್ಚಿಸಿ ಹೇನು ನೋಡ್ದೆ. ಅಕ್ಕಿಗೆ ಬೀಗ ಹಾಕ್ತಿದ್ದೆ, ಆಂಜನಕ್ಕ. ಈ ಕಿಟಕೀಲಿ ಕೂತು ನಾನು ಬಾವಿಯಿಂದ ಬರೋದನ್ನ ಹೊತ್ತು ನೋಡ್ಕೊಂಡು ಕಾಯ್ತಿದ್ದೆ."

"ಮನೆ ಗಲೀಜಿರಬಾರದು ಅಂತ ಹೇಳಿಕೊಟ್ಟೆ. ಅದಕ್ಕೆ ಕೊಟ್ಟಿಗೆಗೆ ಹಾಕ್ತಾರಾ ಮನುಷ್ಯರನ್ನ?"

"ಹೌದು, ನಾನೇ ಹಾಕ್ದೆ. ನಿನ್ನ ತಮ್ಮನ ಕೈಲಿ ಆಗ್ತಿರಲಿಲ್ಲ. ನಾನೇ ಎಳೆದು ಹಾಕ್ದೆ."

ಆಂಜನಮ್ಮ ಕೂಗಾಡುತ್ತಾಳೆಂದು ಗೋವಿಂದಮ್ಮ ಕಾದಳು. ಕೂಗಲಿಲ್ಲ. ಆಮೇಲೆ ಬೈರಮ್ಮ ದನಿ ತಗ್ಗಿಸಿ ಏನೋ ಹೇಳತೊಡಗಿದಳು. ಎಷ್ಟು ಕಿವಿಗೊಟ್ಟರೂ ಒಂದಕ್ಷರ ಹಿಡಿಯಲಾಗಲಿಲ್ಲ. ತನ್ನ ಹೆಸರು ಒಂದು ಸಲ ಬಂದ ಹಾಗೆ ಮಾತ್ರ ಕೇಳಿಸಿತು. ತಲೆಯ ಮೇಲಿನ ಹೊರೆಯಿಂದ ನೀರು ಕತ್ತಿಗೆ ಇಳಿಯುತ್ತಿತ್ತು. ಇವರಿಬ್ಬರೂ ಒಂದಾದರು, ಇನ್ನು ನನ್ನ ಗತಿ ಮುಗಿಯಿತು ಎಂದುಕೊಂಡಳು. ಅತ್ತೆಗೆ ಮಗನ ಸಂತೆಯ ವಿಷಯ ಗೊತ್ತಿರದೆ ಇರುತ್ತದೆಯೇ? ಮೊಮ್ಮಗ ಬೇಕೆಂಬ ಆಸೆ ಯಾವ ತಾಯಿಗೆ ಇಲ್ಲ?

ಮರುದಿನ ಆಂಜನಮ್ಮ ಎಲ್ಲರನ್ನೂ ಕರೆದು, ಸೋಮವಾರ ರಿಜಿಸ್ಟ್ರಿ ಆಫೀಸಿಗೆ ಹೋಗೋಣ, ಪತ್ರ ದಂಡಿನ ಪತ್ರಬರಹಗಾರ ಅಜ್ಮತ್ ಸಾಹೇಬರ ಹತ್ತಿರ ಇದೆ, ಬರೆಯುವವರೂ ಅವರೇ, ಮನೆಯವರೆಲ್ಲ ಬರಬೇಕು ಎಂದಳು. ಹೇಗೆ ಬರೆಸುತ್ತೀರಿ ಎಂದು ಮುನಿಕೃಷ್ಣಪ್ಪ ಕೇಳಿದ್ದಕ್ಕೆ, ಬರೆದ ಮೇಲೆ ಓದುತ್ತಾರೆ, ಕೇಳಿಸಿಕೋ ಎಂದಳು. ಅಣ್ಣತಮ್ಮಂದಿರು ಅಂದು ರಾತ್ರಿ ಒಂದೇ ಪಂಕ್ತಿಯಲ್ಲಿ ಕೂತು ಉಂಡರು. ಮುಂದಿನ ಕೋಣೆ ತಮ್ಮನಿಗೆ, ಹಿಂದಿನ ಭಾಗ, ಕೊಟ್ಟಿಗೆ, ಹಿತ್ತಿಲು ಅಣ್ಣನಿಗೆ ಎಂದು ತಮ್ಮತಮ್ಮಲ್ಲೇ ಒಪ್ಪಿಕೊಂಡರು. ಶಾಂತಕುಮಾರಿ ಬೆಂಕಿಗೂಡಿನ ಅಳತೆ ನೋಡಿ, ಇಲ್ಲಿ ಸೀಮೆಎಣ್ಣೆ ಸ್ಟವ್ ಚೆನ್ನಾಗಿ ಕೂರುತ್ತದೆ ಎಂದಳು. ಗೋವಿಂದಮ್ಮ ಬಡಿಸುತ್ತಿದ್ದಳು. ಯಾರೂ ಅವಳನ್ನು ಏನೂ ಕೇಳಲಿಲ್ಲ.

ಸೋಮವಾರ ಶ್ರೀರಾಮಪ್ಪ ಸಂತೆಗೆ ಹಾಕುವ ಅಂಗಿಯನ್ನೇ ಹಾಕಿಕೊಂಡ. ಗಂಡಸರಿಬ್ಬರೂ ಮುಂಚೆಯೇ ನಡೆದು ಹೋದರು. ಶಾಂತಕುಮಾರಿ ಗಂಡನ ಹಿಂದೆ ಹೊರಟಳು. ಮುದುಕಿಯರಿಬ್ಬರನ್ನೂ ಕೂರಿಸಿಕೊಂಡು ಗೋವಿಂದಮ್ಮ ಜಟಕಾದಲ್ಲಿ ಬಂದಳು. ದಾರಿಯುದ್ದಕ್ಕೂ ಮಿಲಿಟರಿ ಲಾರಿಗಳ ಧೂಳು. ಆಂಜನಮ್ಮ ತನ್ನ ಟ್ರಂಕನ್ನೂ ಜಟಕಾಕ್ಕೆ ಹಾಕಿಸಿದ್ದಳು.

ಆಫೀಸಿನ ಹೊರಗೆ ಆಲದ ಮರದ ಕೆಳಗೆ ಅಜ್ಮತ್ ಸಾಹೇಬರು ಮೇಜು ಹಾಕಿಕೊಂಡಿದ್ದರು. ಬಿಳಿ ಗಡ್ಡ, ಮೂಗಿನ ತುದಿಯಲ್ಲಿ ಕನ್ನಡಕ. ಆಂಜನಮ್ಮನನ್ನು ನೋಡಿ ಎದ್ದು ನಿಂತು ಸಲಾಂ ಮಾಡಿ, ಸ್ಟಾಂಪ್ ಕಾಗದ ಬಿಡಿಸಿದರು. ಅವಳು ಹೇಳಿ ಕಳಿಸಿದ್ದಂತೆ ಬರೆದು ಮುಗಿಸಿಯೇ ಇಟ್ಟಿದ್ದರು. ಅವರು ಓದತೊಡಗಿದಾಗ ಅಣ್ಣತಮ್ಮಂದಿರು ಹತ್ತಿರ ಸರಿದರು.

ಚೆಕ್ಕುಬಂದಿ ಮುಗಿಯಿತು. ಮುಂದಿನ ಕೋಣೆ, ಪಡಸಾಲೆ, ನಡುಮನೆ, ಅಡುಗೆಮನೆ, ಕೊಟ್ಟಿಗೆ, ಹಿತ್ತಿಲು, ಬಾವಿ ಸಹಿತವಾದ ಸದರಿ ಮನೆಯನ್ನು ಆಂಜನಮ್ಮನಾದ ನಾನು ನನ್ನ ತಮ್ಮನ ಹೆಂಡತಿ ಬೈರಮ್ಮನಿಗೆ ದಾನವಾಗಿ ಬರೆದುಕೊಟ್ಟಿರುತ್ತೇನೆ ಎಂದು ಸಾಹೇಬರು ಓದಿದರು.

ಶ್ರೀರಾಮಪ್ಪ, ಹೆಸರು ತಪ್ಪಾಗಿದೆ ಎಂದ. ಸಾಹೇಬರು ತಪ್ಪಾಗಿಲ್ಲ ಎಂದು ತಲೆಯಾಡಿಸಿ ಮುಂದೆ ಓದಿದರು. ಬೈರಮ್ಮನ ಕಾಲಾನಂತರ ಮನೆ ಅವಳ ಗಂಡುಮಕ್ಕಳಿಗೆ ಸಲ್ಲತಕ್ಕದ್ದು. ಆದರೆ ಹಿರಿಯ ಮಗ ಶ್ರೀರಾಮಪ್ಪನ ಹೆಂಡತಿ ಗೋವಿಂದಮ್ಮ ಬದುಕಿರುವವರೆಗೆ ನಡುಮನೆಯಲ್ಲೂ ಅಡುಗೆಮನೆಯಲ್ಲೂ ವಾಸ ಮಾಡುವ ಹಕ್ಕು ಅವಳದು. ಅವಳನ್ನು ಗಂಡನಾಗಲಿ, ಮೈದುನನಾಗಲಿ, ಮುಂದೆ ಮನೆಗೆ ಬರುವ ಇನ್ಯಾರೇ ಆಗಲಿ ಎಬ್ಬಿಸತಕ್ಕದ್ದಲ್ಲ. ಅವಳು ಇರುವ ತನಕ ಮನೆಯನ್ನು ಮಾರತಕ್ಕದ್ದಲ್ಲ, ಒಡೆಯತಕ್ಕದ್ದಲ್ಲ.

"ಮುಂದೆ ಮನೆಗೆ ಬರುವ ಇನ್ಯಾರೇ ಆಗಲಿ" ಎಂಬಲ್ಲಿ ಶ್ರೀರಾಮಪ್ಪನ ಮುಖ ಕಪ್ಪಿಟ್ಟಿತು. ಅವನು ಹೆಂಡತಿಯ ಕಡೆ ತಿರುಗಿದ. ಇದೆಲ್ಲ ಇವಳ ಕೆಲಸ, ಊಟ ಹಾಕಿ ಹಾಕಿ ಮುದುಕಿಗೆ ತಲೆ ತುಂಬಿಸಿದ್ದಾಳೆ ಎಂದು ದನಿ ಏರಿಸಿದ. ಒಳಗಿನಿಂದ ಜವಾನ ಬಂದು ಗಲಾಟೆ ಮಾಡುವವರು ಗೇಟಿನಾಚೆ ಹೋಗಬೇಕೆಂದ. ಮುನಿಕೃಷ್ಣಪ್ಪ ಅಣ್ಣನ ತೋಳು ಹಿಡಿದು ಎಳೆದುಕೊಂಡು ಹೋಗುವಾಗ, ತನಗೆ ಅರ್ಧ ದಿನದ ಕೂಲಿಯೂ ಹೋಯಿತು ಎಂದ. ಶಾಂತಕುಮಾರಿ ಅಳುತ್ತಾ ಜೋಗುಪಾಳ್ಯದ ದಾರಿ ಹಿಡಿದಳು.

ಆಂಜನಮ್ಮ ಒಳಗೆ ಹೋಗಿ ಹೆಬ್ಬೆಟ್ಟು ಒತ್ತಿ, ಮಸಿಯನ್ನು ಬಿಳಿ ಸೀರೆಗೆ ತಾಗದ ಹಾಗೆ ಗೋಡೆಗೆ ಒರೆಸಿ ಬಂದಳು. ವಾಪಸಾಗುವಾಗ ಜಟಕಾ ಮೊದಲು ಜೋಗುಪಾಳ್ಯಕ್ಕೆ ಹೋಗಲಿ ಎಂದಳು. ಮನೆಗೆ ಬರುವುದಿಲ್ಲವೇ ಎಂದು ಗೋವಿಂದಮ್ಮ ಕೇಳಿದಳು. ನೋಡುವ ಆಸೆಯಿತ್ತು, ನೋಡಿಯಾಯಿತು, ದರ್ಜಿ ಅಂಗಡಿಯಲ್ಲಿ ಐನೂರು ಕೋಟು ಗುಂಡಿಯಿಲ್ಲದೆ ಬಿದ್ದಿವೆ ಎಂದಳು ಮುದುಕಿ.

ಗೋವಿಂದಮ್ಮನಿಗೆ ತಡೆಯಲಾಗಲಿಲ್ಲ. ನಿಮ್ಮನ್ನು ಓಡಿಸಿದವರಿಗೇ ಮನೆ ಏಕೆ ಕೊಟ್ಟಿರಿ ಎಂದು ಬೈರಮ್ಮನ ಎದುರಿಗೇ ಕೇಳಿದಳು.

"ಆ ಮನೇಲಿ ನನಗೆ ಸುಳ್ಳು ನಗೆ ನಗದೇ ಇದ್ದೋಳು ಇವಳೊಬ್ಬಳೇ," ಎಂದಳು ಆಂಜನಮ್ಮ. "ಇವಳಿಗೆ ನನ್ನ ಕಂಡ್ರೆ ಆಗಲ್ಲ. ಅದು ಆವತ್ತೂ ಗೊತ್ತಿತ್ತು, ಇವತ್ತೂ ಗೊತ್ತು. ಮಿಕ್ಕೋರದ್ದು ನನಗೆ ಗೊತ್ತಾಗ್ಲಿಲ್ಲ."

"ನನ್ನ ಹೆಸರು ಬರೆಸಿದ್ರಲ್ಲ ದೊಡ್ಡತ್ತೆ, ನಾನು ನಿಮ್ಮನ್ನ ಏನೂ ಕೇಳಿರಲಿಲ್ಲ."

"ನಾನು ಬರೆಸಲಿಲ್ಲ. ಇವಳು ಕೇಳಿದ್ದು."

ಗೋವಿಂದಮ್ಮ ಅತ್ತೆಯ ಕಡೆ ತಿರುಗಿದಳು. ಬೈರಮ್ಮ ಹಲಸೂರು ಕೆರೆಯ ಕಡೆ ಮುಖ ಮಾಡಿ ಕೂತಿದ್ದಳು.

"ನನ್ನ ಮಗ ನನಗೆ ಗೊತ್ತಿಲ್ವಾ?" ಎಂದಳು. "ಒಬ್ಬಳ ಟ್ರಂಕು ಎಳೆದು ಹಾಕ್ದೆ. ಮನೆಗೆ ಬಂದೋರಿಗೆಲ್ಲ ಅವಳು ಸತ್ತಳು ಅಂತ ಹೇಳ್ಕೊಂಡು ಬಂದೆ, ಸಾಕಾಗಿದೆ. ಇನ್ನೊಂದು ಸಲ ನೋಡೋಕೆ ನನ್ ಕೈಲಾಗಲ್ಲ." ಧೂಳಿಗೆ ಸೆರಗು ಅಡ್ಡ ಹಿಡಿದು, "ಅದೂ ಅಲ್ದೆ ಆ ಹುಡುಗಿ ಬಂದು ನನಗೆ ಗಂಜಿ ಕಾಯಿಸ್ತಾಳಾ? ಹಾಸಿಗೆ ಹಿಡಿದ್ರೆ ಎತ್ತೋಳು ನೀನೇ. ನನಗೂ ಬೇಕಲ್ಲ," ಎಂದಳು.

ಆ ಕೊನೆಯ ಮಾತಿಗೆ ಗೋವಿಂದಮ್ಮನ ಮನಸ್ಸು ನಿಂತಿತು. ಮೊದಲ ಮಾತನ್ನು ನಂಬಬೇಕೋ ಬೇಡವೋ ಅವಳಿಗೆ ತಿಳಿಯಲಿಲ್ಲ. ಇದನ್ನು ಮಾತ್ರ ಅನುಮಾನವಿಲ್ಲದೆ ನಂಬಿದಳು. ಅತ್ತೆಯ ಕಾಲ ಮೇಲೆ ಧೂಳು ಬಿದ್ದಿತ್ತು. ಸೆರಗಿನ ತುದಿಯಿಂದ ಒರೆಸಿದಳು. ಜೋಗುಪಾಳ್ಯದಲ್ಲಿ ಆಂಜನಮ್ಮ ಇಳಿದು, ಟ್ರಂಕು ಇಳಿಸಿಕೊಂಡು, ಇಬ್ಬರಿಗೂ ಹೋಗಿ ಬರುತ್ತೇನೆಂದೂ ಹೇಳದೆ ಗಲ್ಲಿಯೊಳಗೆ ಹೋದಳು.

ಆ ವಾರವೆಲ್ಲ ಶ್ರೀರಾಮಪ್ಪ ಹೆಂಡತಿಯ ಹತ್ತಿರ ಮಾತಾಡಲಿಲ್ಲ. ತಟ್ಟೆ ಇಟ್ಟರೆ ಉಣ್ಣುತ್ತಿದ್ದ, ಎದ್ದು ಹೋಗುತ್ತಿದ್ದ. ಶಾಂತಕುಮಾರಿ ನಾಲ್ಕನೇ ದಿನ ತವರಿನಿಂದ ವಾಪಸು ಬಂದು, ಏನೂ ಆಗದವಳ ಹಾಗೆ ಐದು ಗಂಟೆಗೇ ಎದ್ದು ಗಂಡನ ಕ್ಯಾರಿಯರ್ ತಾನೇ ತುಂಬಿದಳು. ಮಂಗಳವಾರ ಬಂತು. ಶ್ರೀರಾಮಪ್ಪ ಸಂತೆಗೆ ಹೋಗಲಿಲ್ಲ.

ಬುಧವಾರ ಹೊತ್ತೇರುವ ಹೊತ್ತಿಗೆ ಕೃಷ್ಣರಾಜಪುರದ ಕಡೆಯಿಂದ ಒಬ್ಬ ಬಂದ. ಮೂವತ್ತರ ಆಸುಪಾಸಿನವನು, ಹೆಗಲ ಮೇಲೆ ಜರಿಯಂಚಿನ ಶಲ್ಯ. ಆ ಹುಡುಗಿಯ ಅಣ್ಣನೆಂದು ಗೋವಿಂದಮ್ಮನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಶ್ರೀರಾಮಪ್ಪ ಗಡಬಡಿಸಿ ಎದ್ದು ಜಗಲಿಯ ಮೇಲೆ ಚಾಪೆ ಹಾಸಿದ, ಒಳಗೆ ಕರೆಯಲಿಲ್ಲ. ಬಂದವನು ತಾನೇ ಒಳಗೆ ಬಂದ. ಪಡಸಾಲೆಯ ಕಂಬವನ್ನು ಅಂಗೈಯಿಂದ ತಟ್ಟಿ ನೋಡಿದ. ಮುಂದಿನ ಕೋಣೆಗೆ ಇಣುಕಿ ಮಾಡಿನ ಎತ್ತರ ನೋಡಿದ, ಕಡಪ ಕಲ್ಲಿನ ಮೇಲೆ ಕಾಲೂರಿ ನಿಂತ. ಮನೆ ಗಟ್ಟಿಯಾಗಿದೆ ಎಂದ. ನೀವು ಹೇಳಿ ಕಳಿಸಿದ ಹಾಗೆ ಪತ್ರದ ಕೆಲಸವೆಲ್ಲ ಮುಗಿಯಿತು ತಾನೆ, ನಿಮ್ಮ ಹೆಸರಿಗೆ ಬಂತು ತಾನೆ ಎಂದು ಕೇಳಿದ.

ಶ್ರೀರಾಮಪ್ಪನ ಬಾಯಲ್ಲಿ ಎಲೆಯಡಿಕೆ ಇತ್ತು. ಅವನು ಉಗುಳಲು ಬಾಗಿಲ ಕಡೆ ತಿರುಗಿದ.

ಗೋವಿಂದಮ್ಮ ಒಳಗಿನಿಂದ ಚೊಂಬಿನಲ್ಲಿ ನೀರು, ತಟ್ಟೆಯಲ್ಲಿ ಒಂದು ಉಂಡೆ ಬೆಲ್ಲ ತಂದು ಬಂದವನ ಮುಂದೆ ಇಟ್ಟಳು. ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಳು.

"ಮನೆ ನಮ್ಮತ್ತೆ ಹೆಸರಲ್ಲಿದೆ," ಎಂದಳು. "ಅವರಾದ ಮೇಲೂ ನಾನು ಸಾಯೋವರೆಗೆ ಇಲ್ಲಿರ್ತೀನಿ. ಯಾರೂ ಎಬ್ಬಿಸೋ ಹಾಗಿಲ್ಲ, ರಿಜಿಸ್ಟ್ರಿ ಆಗಿದೆ. ಬೇಕಾದ್ರೆ ಕಾಗದ ತರ್ತೀನಿ, ಓದ್ಕೊಳ್ಳಿ."

ಬಂದವನು ಗಂಡನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಬೆಲ್ಲ ಮುಟ್ಟಲಿಲ್ಲ. ನೀರು ಮಾತ್ರ ಕುಡಿದು, ಚೊಂಬನ್ನು ಕೆಳಗಿಟ್ಟು, ಬಿಸಿಲಾಗುತ್ತದೆ ಬರುತ್ತೇನೆ ಎಂದು ಮೆಟ್ಟು ಮೆಟ್ಟಿಕೊಂಡ. ಶ್ರೀರಾಮಪ್ಪ ಅವನ ಹಿಂದೆಯೇ ಬೀದಿಯ ತಿರುವಿನವರೆಗೆ ಹೋದ, ಏನೇನೋ ಹೇಳುತ್ತಾ. ಅವನು ತಿರುಗಿ ನೋಡದೆ ನಡೆದುಬಿಟ್ಟ. ಗೋವಿಂದಮ್ಮ ಚೊಂಬು ಎತ್ತಿಕೊಂಡು ಒಳಗೆ ಬಂದು, ಅತ್ತೆಯ ಗಂಜಿಗೆ ಎಸರಿಟ್ಟಳು.